ಲಾಠಿಗೆ ಕಾನೂನಿನ ಕಾವಲು ಎಲ್ಲಿಯವರೆಗೆ?

ಕೇಳುಗರಿಗೆ ನಮಸ್ಕಾರ.

ಟೊಮೆಟೊ ಬೆಲೆ ಬಿದ್ದುಹೋಗಿ, ಕೋಲಾರದ ಎಪಿಎಂಸಿ ಮುಂದೆ ರೈತರು ಬಾಕ್ಸುಗಳನ್ನು ರಸ್ತೆಗೆ ಸುರಿದು ಕೂತಿದ್ದಾರೆ ಅಂದುಕೊಳ್ಳಿ. ಮಧ್ಯಾಹ್ನ ಕಲ್ಲು ತೂರಾಟ, ಆಮೇಲೆ ಲಾಠಿ ಪ್ರಹಾರ, ಒಬ್ಬರ ಕೈ ಮುರಿಯಿತು. ಆದೇಶ ಕೊಟ್ಟ ಅಧಿಕಾರಿಯ ಮೇಲೆ ಕೇಸು ನಿಲ್ಲುತ್ತದೆಯೇ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 148 ಗುಂಪು ಚದುರಿಸುವ ಅಧಿಕಾರ ಕೊಡುತ್ತದೆ. ಚದುರಿಸಿದವರಿಗೆ ರಕ್ಷಣೆ ಕೊಡುವುದು ಕಲಂ 151. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇವು 129 ಮತ್ತು 132. ಈ ರಕ್ಷಣೆ ಸಿಗುವುದು ಖಾಕಿ ಬಟ್ಟೆಗಲ್ಲ, 148ರ ಪ್ರಕಾರ ಸದ್ಭಾವನೆಯಿಂದ ನಡೆದುಕೊಂಡ ಕೆಲಸಕ್ಕೆ. ಅಕ್ರಮ ಕೂಟ, ಇಲ್ಲವೇ ಶಾಂತಿ ಕದಡಬಹುದಾದ ಐದು ಅಥವಾ ಹೆಚ್ಚು ಜನರ ಗುಂಪು ಅಲ್ಲಿರಬೇಕು. ಚದುರಿ ಎಂದು ಆದೇಶಿಸಬೇಕಾದವರು ಕಾರ್ಯನಿರ್ವಾಹಕ ದಂಡಾಧಿಕಾರಿ (ತಾಲ್ಲೂಕಿನಲ್ಲಿ ತಹಶೀಲ್ದಾರರು), ಇಲ್ಲವೇ ಠಾಣಾಧಿಕಾರಿ. ಠಾಣಾಧಿಕಾರಿ ಇಲ್ಲದಾಗ ಸಬ್‌ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರು. ಜನ ಆ ಮಾತು ಕೇಳದಿದ್ದರೆ, ಅಥವಾ ಚದುರುವುದಿಲ್ಲವೆಂದು ನಡವಳಿಕೆಯಿಂದಲೇ ತೋರಿಸಿದರೆ ಮಾತ್ರ ಬಲಪ್ರಯೋಗ.

ಪೊಲೀಸರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಮೈಕಿನಲ್ಲಿ ಹೇಳಿದ್ದು ಎಷ್ಟು ಗಂಟೆಗೆ, ಎಷ್ಟು ಸಲ, ಯಾವ ಭಾಷೆಯಲ್ಲಿ ಎಂಬುದು ಠಾಣೆಯ ದಿನಚರಿಯಲ್ಲಿ ಇರುವುದಿಲ್ಲ. ಗಡಿ ತಾಲ್ಲೂಕುಗಳಲ್ಲಿ ತೆಲುಗು ಮಾತಾಡುವ ಗುಂಪಿಗೆ ಕನ್ನಡದಲ್ಲಷ್ಟೇ ಹೇಳಿದ್ದರೆ ಅದೂ ಪ್ರಶ್ನೆಯಾಗುತ್ತದೆ. ಎರಡು ದಿನ ಬಿಟ್ಟು ಬರೆದ ಟಿಪ್ಪಣಿಗೆ ನ್ಯಾಯಾಲಯದಲ್ಲಿ ತೂಕ ಕಡಿಮೆ.

ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು ಎಂದಷ್ಟೇ ತಿಳಿಯುವವರು ಬಹಳ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, ತಕ್ಕ ಎಚ್ಚರಿಕೆ ಮತ್ತು ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ. ಕಲ್ಲು ತೂರುತ್ತಿದ್ದವನ ತೊಡೆಗೆ ಬಿದ್ದ ಏಟು ಒಂದು. ಓಡಿ ಹೋಗಿ ಅಂಗಡಿಯ ಷಟರ್ ಕೆಳಗೆ ಬಿದ್ದವನ ಬೆನ್ನಿಗೆ ಮತ್ತೆ ನಾಲ್ಕು ಏಟು ಬೇರೆ. ಅಲ್ಲಿ ಚದುರಿಸಲು ಯಾರೂ ಉಳಿದಿಲ್ಲ. ವೈದ್ಯರ ಗಾಯದ ಪ್ರಮಾಣಪತ್ರ ಈ ವ್ಯತ್ಯಾಸ ಹೇಳುತ್ತದೆ. ಹಾಗಾಗಿ ಗಾಯಾಳುಗಳು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ದೇಹದ ಯಾವ ಭಾಗದಲ್ಲಿ, ಎಷ್ಟು ಉದ್ದ ಎಂದು ಬರೆಸಿಕೊಳ್ಳಲೇಬೇಕು.

ಇನ್ನೊಂದು ಗೊಂದಲ ಪೂರ್ವಾನುಮತಿಯದು, ಅಂದರೆ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸರ್ಕಾರ ಮೊದಲೇ ಕೊಡಬೇಕಾದ ಒಪ್ಪಿಗೆಯದು. ಅನುಮತಿ ಬೇಕಿರುವುದು ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುವುದಕ್ಕೆ, ದೂರು ಕೊಡುವುದಕ್ಕಲ್ಲ. "ಸರ್ಕಾರದ ಅನುಮತಿ ತನ್ನಿ, ಆಮೇಲೆ ಎಫ್‌ಐಆರ್" ಎನ್ನುವುದು ತಪ್ಪು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರಿನ ಸಾರವನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಮ್ಯಾಜಿಸ್ಟ್ರೇಟರ ಬಳಿಯೂ ಹೋಗಬಹುದು. ಆದರೆ ಕರ್ತವ್ಯದಲ್ಲಿದ್ದ ಅಧಿಕಾರಿಯ ವಿರುದ್ಧದ ದೂರಾದರೆ ಮೇಲಧಿಕಾರಿಯ ವರದಿ ತರಿಸಿ, ಅಧಿಕಾರಿಯ ಮಾತನ್ನೂ ಕೇಳಿಯೇ ಮುಂದುವರಿಯಬೇಕೆಂದು ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ.

ನಮ್ಮ ರಾಜ್ಯದಿಂದಲೇ ಹೋಗಿದ್ದ, ಪೊಲೀಸ್ ಅಧಿಕಾರಿ ದೇವರಾಜ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಗೆರೆ ಎಳೆದಿದೆ. ಕರ್ತವ್ಯ ಮಾಡುತ್ತಾ ಕೈ ಸ್ವಲ್ಪ ಮೀರಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ನಂಟಿದ್ದರೆ ಪೂರ್ವಾನುಮತಿ ಬೇಕು. ನಂಟೇ ಇಲ್ಲದಿದ್ದರೆ ಬೇಡ.

1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದ ಸೀಮೆ ನಮ್ಮದು. ಬಲಪ್ರಯೋಗದ ಲೆಕ್ಕ ಕೇಳುವುದು ಇಲ್ಲಿ ಯಾರಿಗೂ ಹೊಸದಲ್ಲ.

ಕಡೆಗೆ, ಅವಧಿಯ ವಿಷಯ. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸರ್ಕಾರಿ ನೌಕರರ ಬಗ್ಗೆ ಇರುವ ಸಾಮಾನ್ಯ ಕಲಂ 218ರಲ್ಲಿ, ಪೂರ್ವಾನುಮತಿಯ ಕೋರಿಕೆ ತಲುಪಿದ 120 ದಿನಗಳೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ. ಗುಂಪು ಚದುರಿಸುವವರಿಗೆಂದೇ ಇರುವ 151ರಲ್ಲಿ ಆ ಮಾತಿಲ್ಲ. ಅರ್ಜಿ ಬರೆಯುವಾಗ ಯಾವ ಕಲಂ ಅಡಿ ಎಂದು ನಿಮ್ಮ ವಕೀಲರನ್ನು ಮೊದಲೇ ಕೇಳಿ, ಕೋರಿಕೆ ತಲುಪಿದ ದಿನಾಂಕದ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಮಸ್ಕಾರ.