ಎಡಕ್ಕೆ ಅಂದರೆ ಎಡದ್ದು ಮೇಲೆ

ಕೇಳುಗರಿಗೆ ನಮಸ್ಕಾರ.

ಜಕ್ಕೂರಿನ ವಿಮಾನ ಮೈದಾನದ ಕಡೆ ಓಡಾಡಿದ ಹಿರಿಯರಿಗೆ ಪುಷ್ಪಕ್ ವಿಮಾನದ ನೆನಪಿರಬಹುದು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗಿ, 1958ರಲ್ಲಿ ಮೊದಲ ಸಲ ಹಾರಿದ, ಇಬ್ಬರೇ ಕೂರುವ ಪುಟ್ಟ ವಿಮಾನ. ರೆಕ್ಕೆಗೆ ಬಟ್ಟೆಯ ಹೊದಿಕೆ, ಮೂತಿಗೆ 90 ಅಶ್ವಶಕ್ತಿಯ ಇಂಜಿನ್. ಅಂಥದ್ದೊಂದು ವಿಮಾನ ವರ್ಷಗಟ್ಟಲೆ ಹ್ಯಾಂಗರಿನಲ್ಲಿ ನಿಂತು, ರಿಪೇರಿಯಾಗಿ, ಮತ್ತೆ ಹಾರಲು ಹೊರಟರೆ ನನ್ನಂಥ ಮೆಕ್ಯಾನಿಕ್ ಆದವನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ನಿಂತ ಇಂಜಿನ್ ಓಡುವ ಇಂಜಿನ್‌ಗಿಂತ ಬೇಗ ಕೆಡುತ್ತದೆ. ಎಣ್ಣೆಯೆಲ್ಲ ಕೆಳಗಿಳಿದು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಎಣ್ಣೆ ಎಲ್ಲ ಕಡೆ ತಲುಪಿಸಬೇಕು. ಸ್ಟಾರ್ಟ್ ಮಾಡಿದ ಮೇಲೆ ಅರ್ಧ ನಿಮಿಷದೊಳಗೆ ಆಯಿಲ್ ಪ್ರೆಶರ್ ಮುಳ್ಳು ಏಳದಿದ್ದರೆ ತಕ್ಷಣ ಆಫ್. ಟ್ಯಾಂಕಿನ ತಳದಿಂದ ಗಾಜಿನ ಸೀಸೆಗೆ ಸ್ವಲ್ಪ ಪೆಟ್ರೋಲ್ ಹಿಡಿದು ಬೆಳಕಿಗೆ ಎತ್ತಿ ನೋಡುತ್ತೇವೆ. ವಿಮಾನದ ಪೆಟ್ರೋಲು ತಿಳಿ ನೀಲಿ. ಅದರಡಿ ಬಣ್ಣವಿಲ್ಲದ ಒಂದು ಗುಳ್ಳೆ ಉರುಳಾಡಿತೋ, ಅದು ನೀರು.

ಆದರೆ ನಾನು ಇವತ್ತು ಹೇಳಬೇಕೆಂದು ಬಂದದ್ದು ಕೇಬಲ್ಲಿನ ವಿಷಯ. ರೆಕ್ಕೆಯ ತುದಿಯಲ್ಲಿರುವ ಏಲೆರಾನ್ ಎಂಬ ಪಟ್ಟಿಗಳು ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುತ್ತವೆ. ಎಡದ ಪಟ್ಟಿ ಮೇಲೆದ್ದು ಬಲದ್ದು ಕೆಳಗಿಳಿದರೆ, ಎಡರೆಕ್ಕೆ ಇಳಿದು ವಿಮಾನ ಎಡಕ್ಕೆ ವಾಲುತ್ತದೆ. ಅವನ್ನು ಎಳೆಯುವುದು ಉಕ್ಕಿನ ತಂತಿ. ಒಮ್ಮೆ ನಾನೇ ಜೋಡಿಸಿದ ತಂತಿಗಳು ಅದಲುಬದಲಾಗಿದ್ದವು. ಬಿಗುವು ಸರಿಯಿತ್ತು, ಪಿನ್ನುಗಳು ಸರಿಯಿದ್ದವು, ಪಟ್ಟಿಗಳು ಬೆಣ್ಣೆಯ ಹಾಗೆ ಆಡುತ್ತಿದ್ದವು. ಮೂರು ಸಲ ನೋಡಿದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಕಂಟ್ರೋಲ್ ಬಿಚ್ಚಿ ಜೋಡಿಸಿದರೆ ಇನ್ನೊಬ್ಬರು ಬೇರೆಯಾಗಿ ನೋಡಿ ಸಹಿ ಹಾಕಬೇಕೆಂಬ ನಿಯಮವಿದೆ. ಹಾಗೆ ಬಂದ ಸಹೋದ್ಯೋಗಿ ನನ್ನನ್ನು ಒಳಗೆ ಕೂರಿಸಿ, ತಾನು ಹೊರಗೆ ನಿಂತ. ನಾನು ಒಳಗಿನ ಹಿಡಿಕೋಲನ್ನು ಎಡಕ್ಕೆ ತಳ್ಳಿ, "ಎಡಕ್ಕೆ" ಎಂದೆ. "ಎಡದ್ದು ಮೇಲೆ, ಬಲದ್ದು ಕೆಳಗೆ" ಎಂಬ ಉತ್ತರ ಬರಬೇಕಿತ್ತು. ಅವನು ಸುಮ್ಮನೆ ನಿಂತ. ಆಮೇಲೆ, "ಇಳಿದು ಬಾ ಮಾರಾಯ, ನೀನೇ ನೋಡು" ಎಂದ. ಹಾಗೇ ಹಾರಿದ್ದರೆ, ಎಡಕ್ಕೆ ವಾಲಿದ ವಿಮಾನವನ್ನು ಪೈಲಟ್ ನೆಟ್ಟಗೆ ಮಾಡಲು ಹೋದಷ್ಟೂ ಅದು ಇನ್ನಷ್ಟು ಎಡಕ್ಕೇ ಮಗುಚುತ್ತಿತ್ತು.

ಎರಡು ದಿನ ಬಿಟ್ಟು ಮತ್ತೆ ಹೊರಗೆಳೆದೆವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿನ ತೆಳುಗಾಳಿಯಲ್ಲಿ ಇಂಜಿನ್ನಿನ ಶಕ್ತಿ ಹತ್ತರಲ್ಲೊಂದು ಪಾಲು ಕಡಿಮೆ. ಹಾಗಾಗಿ ಬೆಳಗಿನ ತಂಪಿನಲ್ಲೇ, ಪೈಲಟ್ ಒಬ್ಬರೇ ಹತ್ತಿದರು. ಇಂಜಿನ್ ನಿಂತರೂ ತೇಲಿ ಇಳಿಯುವಷ್ಟು ಹತ್ತಿರದಲ್ಲಿ, ರನ್‌ವೇ ಮೇಲೆಯೇ ಮೂರು ಸುತ್ತು. ಮೊದಲ ತಿರುವು ಎಡಕ್ಕೆ. ಎಡರೆಕ್ಕೆ ಮೆಲ್ಲಗೆ ಇಳಿಯಿತು. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಆಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.