ಬಡಿತ ನಿಲ್ಲಲಿ, ಆಮೇಲೆ ನೋಡೋಣ

ಕೇಳುಗರಿಗೆ ನಮಸ್ಕಾರ.

ನಾನು ಧಾರವಾಡದವಳು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ನನ್ನ ತಂಗಿಯ ಮಗಳು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಸ್ ಹತ್ತಿರ ಇದ್ದಾಳೆ. ಈಗ ಅವಳಿಗೆ ಐದು ತಿಂಗಳು. ಹೋದ ತಿಂಗಳು ಒಂದು ರಾತ್ರಿ ಫೋನ್ ಮಾಡಿದಳು. "ದೊಡ್ಡವ್ವ, ನಡುವೆ ಏನಾದರೂ ಹೆಚ್ಚುಕಮ್ಮಿ ಆದರೆ ನಾ ಎಲ್ಲಿಗೆ ಹೋಗಲಿ?" ಅಂದಳು.

ನನಗೆ ಎದೆ ಝಲ್ ಅಂದಿತು. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಮುಚ್ಚಿದಾಗ ನಮ್ಮ ಕಡೆಯ ಹಳ್ಳಿಯ ಬಸುರಿಯರು ಕೇಳುತ್ತಿದ್ದ ಪ್ರಶ್ನೆ ಇದು. ಡಲ್ಲಸ್‌ನಲ್ಲಿ ಹಳ್ಳ ತುಂಬಿಲ್ಲ. ಮನೆಯಿಂದ ಹದಿನೈದು ನಿಮಿಷದಲ್ಲಿ ದೊಡ್ಡ ಆಸ್ಪತ್ರೆ ಇದೆ. ಗರ್ಭಪಾತ ತಡೆಯುವ ಕಾನೂನು ತಂದು ದಾರಿ ಮುಚ್ಚಿರುವುದು ಅಲ್ಲಿನ ಶಾಸಕರು.

ಬೆಳಗಾವಿಯ ಸವಿತಾ ಹಾಲಪ್ಪನವರ್ ನಿಮಗೆ ನೆನಪಿದ್ದಾರೆ, ಅಲ್ವಾ? ದಂತವೈದ್ಯೆ. 31 ವರ್ಷ. ಗಂಡನ ಜೊತೆ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದರು. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. ಆಗ ಹದಿನೇಳು ವಾರ. ಮರುದಿನ ನೀರು ಒಡೆಯಿತು. ಮಗು ಉಳಿಯುವುದಿಲ್ಲ ಎಂದು ಡಾಕ್ಟರುಗಳೇ ಹೇಳಿದರು. ಹಾಗಾದರೆ ಗರ್ಭ ತೆಗೆದುಬಿಡಿ ಎಂದು ಸವಿತಾ ಕೇಳಿದರು. ಮಗುವಿನ ಎದೆಬಡಿತ ಇನ್ನೂ ಇದೆ, ಇರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು. ಯಾಕೆ ಅಂದರೆ ಇದು ಕ್ಯಾಥೊಲಿಕ್ ದೇಶ ಅಂತ ಒಬ್ಬ ಸೂಲಗಿತ್ತಿ ನರ್ಸ್ ಹೇಳಿದ್ದನ್ನು ಆಮೇಲೆ ವಿಚಾರಣೆಯಲ್ಲಿ ಆಕೆಯೇ ಒಪ್ಪಿಕೊಂಡರು. 24ರಂದು ಮಗುವಿನ ಬಡಿತ ನಿಂತಿತು. ಅಷ್ಟರಲ್ಲಿ ತಾಯಿಗೆ ನಂಜೇರಿತ್ತು. 28ರಂದು ಸವಿತಾ ತೀರಿಕೊಂಡರು.

ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಇದು ಎಷ್ಟು ಸಂಕಟದ ವಿಷಯ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರಿನ ಚೀಲ ಒಡೆದರೆ ಗರ್ಭಚೀಲದ ಬಾಗಿಲು ತೆರೆದ ಹಾಗೆ. ಕೆಳಗಿನಿಂದ ಸೋಂಕು ಮೇಲೇರುತ್ತದೆ. ತುಂಬಿದ ತಿಂಗಳಲ್ಲಿ ಹೀಗಾದರೆ ಹೆರಿಗೆ ಮಾಡಿಸಿ ಇಬ್ಬರನ್ನೂ ಉಳಿಸುತ್ತೇವೆ. ಹದಿನೇಳು ವಾರದ ಕೂಸು ಹೊರಗೆ ಬದುಕಲಾರದು. ಅದರ ಶ್ವಾಸಕೋಶ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಒಮ್ಮೆ ಸೋಂಕು ಹತ್ತಿತು ಅಂದರೆ ಬರೀ ಇಂಜೆಕ್ಷನ್ ಸಾಲದು, ಗರ್ಭಚೀಲ ಖಾಲಿ ಮಾಡಲೇಬೇಕು. ಚಳಿ ಬಂದು ನಡುಗಿದಳಾ, ನಾಡಿ ಓಡುತ್ತಿದೆಯಾ ಅಂತ ನಾವು ಗಂಟೆಗೊಮ್ಮೆ ನೋಡುತ್ತಿದ್ದೆವು. ನಂಜು ರಕ್ತಕ್ಕೆ ಇಳಿದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ಗಂಟೆ. ಅಂಥ ಹೊತ್ತಿನಲ್ಲಿ ಡಾಕ್ಟರ್ ಕಾನೂನಿನ ಪುಸ್ತಕ ತೆರೆದು ಕೂರಬೇಕು ಅಂದರೆ ಹೇಗೆ?

ಸವಿತಾ ಅವರ ವಿಷಯದಲ್ಲಿ ಆಸ್ಪತ್ರೆಯ ನಿಗಾದಲ್ಲೂ ತಪ್ಪುಗಳಾಗಿದ್ದವು. ವರದಿಗಳು ಅದನ್ನೂ ಹೇಳಿವೆ. ಆದರೆ ಡಾಕ್ಟರುಗಳ ಕೈ ಕಟ್ಟಿದ ಹಗ್ಗ ಹಳೆಯದು. ಐರ್ಲೆಂಡಿನಲ್ಲಿ ಗರ್ಭಪಾತ ಅಪರಾಧ ಎನ್ನುವ ಬ್ರಿಟಿಷರ ಕಾಲದ 1861ರ ಕಾನೂನು ಹಾಗೇ ಇತ್ತು. ಅದು ಸಾಲದು ಅಂತ 1983ರಲ್ಲಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದರು. ತಾಯಿಯ ಜೀವ, ಹುಟ್ಟದ ಕೂಸಿನ ಜೀವ ಎರಡೂ ಸಮ ಎಂದರು. 1992ರಲ್ಲಿ ಅತ್ಯಾಚಾರಕ್ಕೊಳಗಾದ 14 ವರ್ಷದ ಹುಡುಗಿಯೊಬ್ಬಳ ಪ್ರಕರಣ ಬಂದಾಗ ಅಲ್ಲಿನ ಸುಪ್ರೀಂ ಕೋರ್ಟ್, ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭ ತೆಗೆಯಬಹುದು ಎಂದಿತು. ಯಾವಾಗ, ಯಾರು, ಹೇಗೆ ಅನ್ನುವುದನ್ನು ಬರೆಯಬೇಕಾದವರು ಶಾಸಕರು. ಅವರು ಇಪ್ಪತ್ತು ವರ್ಷ ಸುಮ್ನೆ ಕೂತರು. ಸವಿತಾ ಹೋದ ಮೇಲೆ, 2013ರಲ್ಲಿ, ಒಂದು ಕಾನೂನು ಬರೆದರು. 2018ರ ಮೇ 25ರಂದು ಜನಮತ ನಡೆಯಿತು. ಬೆಳಗಾವಿಯಲ್ಲಿದ್ದ ಸವಿತಾ ಅವರ ತಂದೆ-ತಾಯಿ ಅಲ್ಲಿನ ಜನರಿಗೆ ಮನವಿ ಮಾಡಿದ್ದರು. ನೂರಕ್ಕೆ 66 ಜನ ಎಂಟನೇ ತಿದ್ದುಪಡಿ ಬೇಡ ಎಂದರು. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಸವಿತಾ ಅವರ ಚಿತ್ರ ಬರೆದಿದ್ದರು. ಅದರ ಸುತ್ತ ಜನ ಕ್ಷಮೆ ಕೇಳಿ ನೂರಾರು ಚೀಟಿ ಅಂಟಿಸಿದರು. ಆ ಫೋಟೊ ಪತ್ರಿಕೆಯಲ್ಲಿ ನೋಡಿ ನಾನು ಅತ್ತಿದ್ದೇನೆ.

ಇದೆಲ್ಲ ಗುಟ್ಟಿನ ಸಂಗತಿಯಲ್ಲ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದದ್ದು. ಆದರೂ 2021ರಲ್ಲಿ ಟೆಕ್ಸಾಸಿನ ಶಾಸಕರು ಅದೇ ಎದೆಬಡಿತದ ಹೆಸರಿನಲ್ಲಿ ಕಾನೂನು ತಂದರು. ಹಾರ್ಟ್‌ಬೀಟ್ ಆಕ್ಟ್ ಅಂತಲೇ ಅದರ ಹೆಸರು. ಮಂಡಿಸಿದವರು ಸೆನೆಟರ್ ಬ್ರಯನ್ ಹ್ಯೂಸ್, ಸಹಿ ಹಾಕಿದವರು ಗವರ್ನರ್ ಗ್ರೆಗ್ ಆ್ಯಬಟ್. ಬಡಿತ ಕಂಡ ಮೇಲೆ, ಅಂದರೆ ಸುಮಾರು ಆರು ವಾರ ದಾಟಿದರೆ, ಗರ್ಭಪಾತ ಮಾಡುವ ಹಾಗಿಲ್ಲ. ಆರು ವಾರ ಅಂದರೆ ಜಾಸ್ತಿ ದಿನ ಅನ್ನಿಸುತ್ತದೆ. ಆದರೆ ವಾರ ಎಣಿಸುವುದು ಕೊನೆಯ ಮುಟ್ಟಿನಿಂದ. ಈ ಸಲ ಮುಟ್ಟಾಗಲಿಲ್ಲವಲ್ಲ ಅಂತ ಗೊತ್ತಾಗುವಾಗಲೇ ನಾಲ್ಕು ವಾರ ಮುಗಿದಿರುತ್ತದೆ. ಉಳಿಯುವುದು ಎರಡೇ ವಾರ. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿ ಅನ್ನುವುದೇ ತಿಳಿದಿರುವುದಿಲ್ಲ.

ಆ ಕಾನೂನಿನಲ್ಲಿ ಇನ್ನೊಂದು ಅಂಶವಿದೆ. ಗರ್ಭ ತೆಗೆದ ಡಾಕ್ಟರ್ ಮೇಲೆ, ನೆರವಾದವರ ಮೇಲೆ, ಸಂಬಂಧವೇ ಇಲ್ಲದ ಯಾರಾದರೂ ದಾವೆ ಹೂಡಬಹುದು. ಗೆದ್ದರೆ ಕನಿಷ್ಠ 10 ಸಾವಿರ ಡಾಲರ್. ಅಂದರೆ ಪಕ್ಕದ ಮನೆಯವನನ್ನು ಹೆಣ್ಣಿನ ಹೊಟ್ಟೆಯ ಮೇಲೆ ಕಾವಲಿಗೆ ಕೂರಿಸಿದ ಹಾಗಾಯಿತು. ಮುಂದಿನ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ 1973ರಿಂದ ಇದ್ದ ಗರ್ಭಪಾತದ ಹಕ್ಕನ್ನೇ ತೆಗೆದುಹಾಕಿತು. ಆಮೇಲೆ ಟೆಕ್ಸಾಸಿನಲ್ಲಿ ಇನ್ನೂ ಗಟ್ಟಿ ಕಾನೂನು ಜಾರಿಗೆ ಬಂತು. ತಪ್ಪಿತಸ್ಥ ಎನಿಸಿದರೆ ಡಾಕ್ಟರಿಗೆ ಜೀವಾವಧಿ ಶಿಕ್ಷೆಯೂ ಆಗಬಹುದು. ಕನಿಷ್ಠ 1 ಲಕ್ಷ ಡಾಲರ್ ದಂಡ. ಲೈಸೆನ್ಸ್ ರದ್ದು.

ತಾಯಿಯ ಜೀವಕ್ಕೆ ಅಪಾಯವಿದ್ದರೆ ವಿನಾಯಿತಿ ಇದೆ ಎಂದು ಬರೆದಿದ್ದಾರೆ. ಎಷ್ಟು ಅಪಾಯ? ಜ್ವರ ಬಂದರೆ ಸಾಕೇ, ಬಿ.ಪಿ. ಇಳಿಯಬೇಕೇ? ಆಗ ಅದನ್ನು ಬಿಡಿಸಿ ಹೇಳಲಿಲ್ಲ.

2021ರಲ್ಲಿ ಆ ಹಾರ್ಟ್‌ಬೀಟ್ ಕಾನೂನು ಜಾರಿಗೆ ಬಂದ ಅದೇ ವಾರ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ 28 ವರ್ಷದ ಒಬ್ಬ ತಾಯಿ ಆಸ್ಪತ್ರೆಗೆ ಬಂದಳು. ಅವಳಿಗೂ ಹದಿನೇಳು ವಾರ. ಗರ್ಭ ಇಳಿಯುತ್ತಿತ್ತು. ಬಡಿತ ನಿಲ್ಲುವ ತನಕ 40 ಗಂಟೆ ಕಾಯಿಸಿದರು. ಸೋಂಕಾಗಿ ಸತ್ತಳು. ಮನೆಯಲ್ಲಿ ಪುಟ್ಟ ಮಗಳಿದ್ದಳು. ಮೂರು ವರ್ಷದ ಮೇಲೆ, 2024ರಲ್ಲಿ, ಪತ್ರಕರ್ತರು ಇದನ್ನು ಹೊರಗೆ ತಂದರು. ಓದುವಾಗ ನನಗೆ ಸವಿತಾ ಅವರ ಕಥೆಯನ್ನೇ ಇನ್ನೊಮ್ಮೆ ಓದಿದಂತಾಯಿತು. ಹದಿನೇಳೇ ವಾರ, ಅದೇ ಉತ್ತರ.

ಗರ್ಭದಲ್ಲಿರುವುದೂ ಒಂದು ಜೀವ ಎಂದು ನಂಬುವವರನ್ನು ನಾನು ಹೀಗಳೆಯುವುದಿಲ್ಲ. ಕೈತುಂಬ ಕೂಸುಗಳನ್ನು ಎತ್ತಿಕೊಂಡವಳು ನಾನು. ಹುಟ್ಟುವ ಮೊದಲೇ ಹೋದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟವಳೂ ಹೌದು. ನನ್ನ ಸಿಟ್ಟು ಬೇರೆ. ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯದೆ, ತಿಳಿದವರನ್ನೂ ಕೇಳದೆ ಕಾನೂನು ಬರೆಯುತ್ತಾರಲ್ಲ, ಅದು ನನಗೆ ಸಹಿಸಲಾಗುವುದಿಲ್ಲ. 2015ರಲ್ಲಿ ಐಡಹೊ ರಾಜ್ಯದಲ್ಲಿ ಇಂಥದೇ ಒಂದು ಮಸೂದೆಯ ಚರ್ಚೆ ನಡೆದಿತ್ತು. ಹೆಂಗಸು ಸಣ್ಣ ಕ್ಯಾಮೆರಾ ನುಂಗಿದರೆ ಡಾಕ್ಟರ್ ದೂರದಿಂದಲೇ ಗರ್ಭ ಪರೀಕ್ಷೆ ಮಾಡಬಹುದೇ ಎಂದು ಒಬ್ಬ ಶಾಸಕರು ಕೇಳಿದರು. ನುಂಗಿದ್ದು ಅಲ್ಲಿಗೆ ಹೋಗುವುದಿಲ್ಲ ಎಂದು ಡಾಕ್ಟರ್ ತಿಳಿಸಿ ಹೇಳಬೇಕಾಯಿತು. 2019ರಲ್ಲಿ ಒಹಾಯೊ ರಾಜ್ಯದ ಒಂದು ಮಸೂದೆ, ಟ್ಯೂಬಿನಲ್ಲಿ, ಅಂದರೆ ಅಂಡನಾಳದಲ್ಲಿ, ನಿಂತ ಗರ್ಭವನ್ನು ತೆಗೆದು ಗರ್ಭಚೀಲದಲ್ಲಿ ಕೂರಿಸುವ ಮಾತಾಡಿತು. ಅಂಥ ಚಿಕಿತ್ಸೆ ಎಲ್ಲೂ ಇಲ್ಲ. ಟ್ಯೂಬ್ ಒಡೆದು ಹೊಟ್ಟೆಯೊಳಗೇ ರಕ್ತ ಸುರಿದು ಬಿಳಚಿಕೊಂಡು ಬಂದವರನ್ನು ನಾನು ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಓಡಿದ್ದೇನೆ. ಆ ಮಸೂದೆ ಬರೆದವರು ಒಂದು ಸಲ ಹೆರಿಗೆ ವಾರ್ಡಿಗೆ ಬಂದು ಕೇಳಿದ್ದರೆ ಯಾವ ನರ್ಸಾದರೂ ಹೇಳುತ್ತಿದ್ದಳು.

ಶಾಸಕರು ಕೇಳುವುದಿರಲಿ, ನೊಂದವರು ತಾವೇ ಬಂದು ಹೇಳಿದರೂ ಕಿವಿಗೊಡುವುದಿಲ್ಲ. ಟೆಕ್ಸಾಸಿನ ಅಮಾಂಡ ಜುರಾವ್ಸ್ಕಿ ಎಂಬವರಿಗೆ 18 ವಾರದಲ್ಲಿ ನೀರು ಒಡೆಯಿತು. ಬಡಿತ ಇದೆ ಅಂತ ಕಾಯಿಸಿದರು. ನಂಜೇರಿ ಐ.ಸಿ.ಯು. ಸೇರಿದರು. ಜೀವ ಉಳಿಯಿತು, ಆದರೆ ಒಂದು ಟ್ಯೂಬ್ ಶಾಶ್ವತವಾಗಿ ಮುಚ್ಚಿಹೋಯಿತು. 2023ರ ಏಪ್ರಿಲ್‌ನಲ್ಲಿ ಅವರು ವಾಷಿಂಗ್ಟನ್ನಿಗೆ ಹೋಗಿ ಸೆನೆಟ್ ಸಮಿತಿಯ ಮುಂದೆ ಇದನ್ನೆಲ್ಲ ಹೇಳಿದರು. ತಮ್ಮ ರಾಜ್ಯದ ಇಬ್ಬರು ಸೆನೆಟರುಗಳಿಗೆ ನೇರವಾಗಿ ಹೇಳಬೇಕು ಅಂದುಕೊಂಡಿದ್ದರು. ಆ ಹೊತ್ತಿಗೆ ಇಬ್ಬರೂ ಕೋಣೆಯಲ್ಲಿರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯ ಸಿಸ್ಟರುಗಳು ಹಳೆಯ ಕಾಲದ ಮಾತು ಹೇಳುತ್ತಿದ್ದರು. ಗರ್ಭ ಇಳಿಸಲು ಕದ್ದು ಎಕ್ಕದ ಕಡ್ಡಿ ಹಾಕಿಸಿಕೊಂಡು, ಕೀವಾಗಿ, ಬಾಯಿ ಬಿಡಲೂ ಹೆದರುತ್ತಾ ಬರುತ್ತಿದ್ದ ಹೆಂಗಸರ ಕಥೆ. ಅದನ್ನು ತಪ್ಪಿಸಲೆಂದೇ ನಮ್ಮ ದೇಶದಲ್ಲಿ, ಸರ್ಕಾರ ನೇಮಿಸಿದ ಶಾಂತಿಲಾಲ್ ಶಾ ಸಮಿತಿಯ ವರದಿಯ ಮೇಲೆ, 1971ರ ಗರ್ಭಪಾತ ಕಾನೂನು ಬಂತು. 2021ರಲ್ಲಿ ಕೆಲವರಿಗೆ ಗರ್ಭ ತೆಗೆಸುವ ಅವಧಿ 24 ವಾರಕ್ಕೆ ಏರಿತು. ಅದು ಜಾರಿಗೆ ಬಂದದ್ದೂ ಟೆಕ್ಸಾಸ್ ಕಾನೂನು ಜಾರಿಗೆ ಬಂದ ಸೆಪ್ಟೆಂಬರ್ ತಿಂಗಳಲ್ಲೇ. ನಮ್ಮಲ್ಲಿ ಎಲ್ಲ ಸರಿಯಿದೆ ಅಂತಲ್ಲ. 18 ತುಂಬಿದವಳ ಒಪ್ಪಿಗೆ ಸಾಕು ಎಂದು ಕಾನೂನು ಹೇಳಿದರೂ ಗಂಡನ ಸಹಿ ಎಲ್ಲಿ ಅಂತ ಗದರುವವರು ಈಗಲೂ ಇದ್ದಾರೆ.

ಟೆಕ್ಸಾಸಿನಲ್ಲಿ 2025ರಲ್ಲಿ ಒಂದು ತಿದ್ದುಪಡಿ ಬಂತು. ತಾಯಿ ಸಾವಿನ ಅಂಚಿಗೆ ಬರುವ ತನಕ ಡಾಕ್ಟರ್ ಕಾಯಬೇಕಿಲ್ಲ ಎಂದು ಈಗ ಬರೆದಿದ್ದಾರೆ. ತಂದವರು ಅದೇ ಬ್ರಯನ್ ಹ್ಯೂಸ್. ಒಳ್ಳೆಯದೇ. ಆದರೆ ಇಷ್ಟು ಬರೆಯಲು ನಾಲ್ಕು ವರ್ಷ ಬೇಕಿತ್ತೇ? ಅತ್ಯಾಚಾರಕ್ಕೊಳಗಾದವರಿಗೆ ಈಗಲೂ ವಿನಾಯಿತಿ ಇಲ್ಲ. ಉಳಿಯದ ಕೂಸನ್ನು ಹೊತ್ತವಳಿಗೂ ಇಲ್ಲ.

ನನ್ನ ತಂಗಿಯ ಮಗಳು, ಅವಳ ಗಂಡ ಒಂದು ಬ್ಯಾಗ್ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಈ ನಿರ್ಬಂಧವಿಲ್ಲ. ಆಲ್ಬುಕರ್ಕಿಗೆ ಕಾರಿನಲ್ಲಿ ಒಂಬತ್ತು ಹತ್ತು ಗಂಟೆ. ನೀರು ಒಡೆದವಳು ಅಷ್ಟು ಹೊತ್ತು ಕಾರಿನಲ್ಲಿ ಕೂರುವುದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಅವಳಿಗೆ ಅಲ್ಲಿ ಓಟಿಲ್ಲ, ವೀಸಾದ ಮೇಲೆ ಇರುವವಳು. ಆದರೂ ತಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಫೋನ್ ಮಾಡುತ್ತೇನೆ, ಏನು ಹೇಳಲಿ ದೊಡ್ಡವ್ವ ಅಂತ ಕೇಳಿದಳು. ಸವಿತಾ ಅವರ ವಿಷಯ ಹೇಳು ಅಂದೆ. ಹೋದ ಸೋಮವಾರ ಮಾಡಿದಳಂತೆ. ಫೋನ್ ಎತ್ತಿದ ಹುಡುಗ ತಾಳ್ಮೆಯಿಂದ ಕೇಳಿಸಿಕೊಂಡು, ಆ ಹೆಸರು ಇನ್ನೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ ಅಂದನಂತೆ. ಇವಳು ಒಂದೊಂದೇ ಅಕ್ಷರ ಹೇಳಿ, ಹಾಲಪ್ಪನವರ್ ಅನ್ನುವ ತನಕ ಬರೆಸಿದಳಂತೆ. ಊರು ಯಾವುದು ಅಂದಿದ್ದಕ್ಕೆ ಬೆಳಗಾವಿ ಅಂದಳಂತೆ.

ನಮಸ್ಕಾರ.