ಸೇತುವೆಗೂ ಸಮವಸ್ತ್ರ ಬೇಕೇ?

ಕೇಳುಗರೆಲ್ಲರಿಗೂ ನಮಸ್ಕಾರ.

1953ರ ಏಪ್ರಿಲ್ 16ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಪತ್ರಿಕಾ ಸಂಪಾದಕರ ಸಭೆಯಲ್ಲಿ ಒಂದು ಲೆಕ್ಕ ಒಪ್ಪಿಸಿದರು. ಒಂದು ಭಾರಿ ಬಾಂಬರ್ ವಿಮಾನದ ಬೆಲೆಗೆ ಮೂವತ್ತಕ್ಕೂ ಹೆಚ್ಚು ಊರುಗಳಲ್ಲಿ ಒಂದೊಂದು ಶಾಲೆ ಕಟ್ಟಬಹುದು. ಇಲ್ಲವೇ ಸುಸಜ್ಜಿತವಾದ ಎರಡು ಆಸ್ಪತ್ರೆ. ಅದೂ ಬೇಡವೆಂದರೆ ಐವತ್ತು ಮೈಲಿ ಕಾಂಕ್ರೀಟ್ ರಸ್ತೆ. ಮಹಾಯುದ್ಧದಲ್ಲಿ ಮಿತ್ರಪಡೆಗಳನ್ನು ಮುನ್ನಡೆಸಿದ ಜನರಲ್ ಬಾಯಿಂದ ಬಂದ ಮಾತಿದು, ಹಾಗಾಗಿ ಯಾರೂ ತಳ್ಳಿಹಾಕುವಂತಿರಲಿಲ್ಲ.

ಸೋಜಿಗ ನೋಡಿ: ಇದೇ ಐಸೆನ್‌ಹೋವರ್ 1956ರಲ್ಲಿ ದೇಶದುದ್ದಗಲದ ಹೆದ್ದಾರಿ ಜಾಲದ ಕಾಯಿದೆಗೆ ಸಹಿ ಹಾಕಿದಾಗ, ಆ ಜಾಲದ ಹೆಸರಿನಲ್ಲೇ 'ರಕ್ಷಣಾ ಹೆದ್ದಾರಿ' ಎಂದು ಸೇರಿಸಲಾಯಿತು. ಖರ್ಚಿನಲ್ಲಿ ಶೇ 90ರಷ್ಟು ಒಕ್ಕೂಟ ಸರ್ಕಾರದ್ದು. ರಕ್ಷಣೆ ಎಂದರೆ ಖಜಾನೆಯ ಬಾಗಿಲು ಬೇಗ ತೆರೆಯುತ್ತದೆ.

ಕಟ್ಟಿದ್ದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಕೆಲಸಕ್ಕೆ ಆ ಭಾಗ್ಯವಿಲ್ಲ. 2007ರ ಆಗಸ್ಟ್ 1ರ ಸಂಜೆ, ಮಿನಿಯಾಪೊಲಿಸ್ ನಗರದಲ್ಲಿ ಜನ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹೊತ್ತು, ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ಕುಸಿದು 13 ಮಂದಿ ಸತ್ತರು. ತೊಲೆಗಳನ್ನು ಒಂದಕ್ಕೊಂದು ಬೆಸೆಯುವ ಉಕ್ಕಿನ ಪ್ಲೇಟುಗಳು ಒಂದು ಇಂಚು ದಪ್ಪ ಇರಬೇಕಿತ್ತು, ಇದ್ದದ್ದು ಅರ್ಧ ಇಂಚು. ಮೂಲದಲ್ಲಿ ಇದು ವಿನ್ಯಾಸದ ತಪ್ಪು, ಪೂರ್ತಿ ಹಣದ ಕೊರತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ಪ್ಲೇಟುಗಳು ಬಾಗಿದ್ದು ವರ್ಷಗಳ ಹಿಂದೆಯೇ ತೆಗೆದ ಫೋಟೋಗಳಲ್ಲಿ ಕಾಣುತ್ತಿತ್ತು. ಸೇತುವೆಗೆ ದಪ್ಪನೆಯ ಕಾಂಕ್ರೀಟ್ ಹೊದಿಕೆಯ ಭಾರ ಬೇರೆ ಸೇರಿತ್ತು. ಕುಸಿದ ದಿನ ದುರಸ್ತಿಗೆಂದು ತಂದ ಜಲ್ಲಿ, ಮರಳನ್ನು ಅದೇ ದುರ್ಬಲ ಕೀಲಿನ ಹತ್ತಿರ ರಾಶಿ ಹಾಕಿದ್ದರು!

ಈಗ ಯುರೋಪಿಗೆ ಬನ್ನಿ. 2025ರ ಹೇಗ್ ಸಭೆಯಲ್ಲಿ ನೇಟೊ ಸೇನಾ ಮೈತ್ರಿಕೂಟದ ದೇಶಗಳು 2035ರೊಳಗೆ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆಗೆ ಖರ್ಚು ಮಾಡಲು ಒಪ್ಪಿದವು. ಅದರಲ್ಲಿ ಶೇ 1.5ರವರೆಗೆ ಮೂಲಸೌಕರ್ಯದಂಥ ಪೂರಕ ಬಾಬತ್ತುಗಳಿಗೂ ಹಾಕಬಹುದು. ಇಟಲಿಯ ಸಿಸಿಲಿ ದ್ವೀಪಕ್ಕೆ ಕಟ್ಟಬೇಕೆಂದಿರುವ 13.5 ಶತಕೋಟಿ ಯೂರೋ ಸೇತುವೆಯನ್ನೂ ಈ ಲೆಕ್ಕಕ್ಕೇ ಸೇರಿಸಬಹುದಲ್ಲ ಎಂಬ ಮಾತು ಅಲ್ಲಿನ ಸರ್ಕಾರದೊಳಗೇ ಕೇಳಿಬಂತು. ಜಾಣತನವೇ ಸರಿ. ಟ್ಯಾಂಕುಗಳು ದಾಟಲು ಗಟ್ಟಿ ಸೇತುವೆ ಬೇಕೆಂಬುದೂ ನಿಜ.

ಹಾಗಾದರೆ ಟ್ಯಾಂಕು ಕಾಲಿಡದ ಸೇತುವೆಯ ಗತಿ? ಒಳಚರಂಡಿಗೆ, ನೀರಿನ ಪೈಪಿಗೆ ಯಾವ ದಂಡಿನ ಹೆಸರಲ್ಲಿ ಹಣ ಕೇಳೋಣ? ಕೈ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳುವುದೇ ನಿರ್ವಹಣೆಯ ಮೇಲೆ, ಏಕೆಂದರೆ ಆ ವರ್ಷವೇ ಏನೂ ಬೀಳುವುದಿಲ್ಲ. ಸೈನಿಕರ ಸಂಬಳವನ್ನು ಯಾವ ಸರ್ಕಾರವೂ 'ಮುಂದಿನ ವರ್ಷ ನೋಡೋಣ' ಎನ್ನುವುದಿಲ್ಲ. ಸೇತುವೆ ತಪಾಸಣೆಯ ಖರ್ಚನ್ನೂ ಅದೇ ಸಾಲಿನಲ್ಲಿ, ಕೈಹಾಕಲಾಗದ ಬಾಬತ್ತಾಗಿ ಬರೆದಿಡಬೇಕು ಎಂಬುದು ನನ್ನ ವಾದ.